ಎಚ್ಚರ ಇತ್ತು, ಉತ್ತರ ಇರಲಿಲ್ಲ

ಹನ್ನೊಂದು ಹಾಳೆ. ಆ ರಾತ್ರಿ ನಾನು ತುಂಬಿಸಿದ್ದು ಅಷ್ಟು. ಒಂದೊಂದು ಹಾಳೆಯಲ್ಲೂ ನಾಲ್ಕೈದು ಚೌಕ, ಒಂದೊಂದು ಚೌಕದೊಳಗೂ ಎಂಟು ಸಾಲು, ಸಾಲಿಗೆ ಎಂಟು ಮನೆ. ಸ್ಕೇಲ್ ಇಟ್ಟು ಎಳೆದ ಗೆರೆಗಳು. ಒಂದೂ ಸೊಟ್ಟಗಿಲ್ಲ. ಆ ಹಾಳೆಗಳು ಇವತ್ತಿಗೂ ನನ್ನ ಹತ್ತಿರ ಇವೆ.

ಲೆಕ್ಕ ಕೇಳುವುದಕ್ಕೆ ಸುಲಭ. ಒಂದು ಚದುರಂಗದ ಹಾಸು ತಗೊಳ್ಳಿ. 64 ಮನೆ. ಅದರಲ್ಲಿ ಮೇಲಿನ ಎಡ ಮೂಲೆಯ ಒಂದು ಮನೆ, ಕೆಳಗಿನ ಬಲ ಮೂಲೆಯ ಒಂದು ಮನೆ ಕತ್ತರಿಸಿ ತೆಗೆಯಿರಿ. ಉಳಿದದ್ದು 62. ನಿಮ್ಮ ಕೈಯಲ್ಲಿ 31 ಬಿಲ್ಲೆಗಳಿವೆ. ಒಂದೊಂದು ಬಿಲ್ಲೆಯೂ ಅಕ್ಕಪಕ್ಕದ ಎರಡು ಮನೆ ಮುಚ್ಚುವಷ್ಟು ಉದ್ದ. 31 ಬಿಲ್ಲೆ ಇಟ್ಟು 62 ಮನೆಯನ್ನೂ ಮುಚ್ಚಲು ಆಗುತ್ತದಾ? ಆಗುವುದಾದರೆ ಹೇಗೆ? ಆಗದಿದ್ದರೆ ಯಾಕೆ?

ನಾನಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಗಣಿತದ ಮೇಷ್ಟ್ರು ಮಾರನೇ ದಿನಕ್ಕೆ ಯೋಚಿಸಿಕೊಂಡು ಬನ್ನಿ ಅಂದಿದ್ದರು. ಒಂಬತ್ತು ಗಂಟೆಗೆ ಒಂದು ಕಾಫಿ, ಹನ್ನೊಂದಕ್ಕೆ ಇನ್ನೊಂದು, ಒಂದು ಗಂಟೆಗೆ ಮೂರನೆಯದು. ತಲೆ ಎಷ್ಟು ಚುರುಕಾಗಿತ್ತು ಅಂದರೆ ಪೆನ್ನು ಎಲ್ಲೂ ನಿಲ್ಲುತ್ತಿರಲಿಲ್ಲ. ಬಿಲ್ಲೆಗಳನ್ನು ಅಡ್ಡ ಇಟ್ಟು ನೋಡಿದೆ, ಉದ್ದ ಇಟ್ಟು ನೋಡಿದೆ, ಸುತ್ತು ಹಾಕಿ ಒಳಕ್ಕೆ ಬಂದು ನೋಡಿದೆ. ಪ್ರತಿ ಸಲವೂ ಕೊನೆಗೆ ಎರಡು ಮನೆ ಉಳಿಯುತ್ತಿತ್ತು, ಅವು ಅಕ್ಕಪಕ್ಕ ಇರುತ್ತಿರಲಿಲ್ಲ. ಸರಿ, ಹೊಸ ಚೌಕ. ಮತ್ತೆ ಮೊದಲಿನಿಂದ. ಮೂರೂವರೆಗೆ ದೀಪ ಆರಿಸಿದೆ. ಐದು ಗಂಟೆಯವರೆಗೆ ನಿದ್ದೆ ಹತ್ತಲಿಲ್ಲ. ಮಾರನೇ ದಿನ ಬರಿಗೈಯಲ್ಲಿ ತರಗತಿಗೆ ಹೋದೆ.

ಈಗ ನಾನೇ ಗಣಿತ ಕಲಿಸುತ್ತೇನೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಮಕ್ಕಳ ಕೈಯಲ್ಲಿ ಕಾಫಿ ಕಪ್ಪು, ಎನರ್ಜಿ ಡ್ರಿಂಕ್ ಡಬ್ಬಿ ನೋಡುತ್ತೇನೆ. ಕಣ್ಣು ಕೆಂಪಗಾಗಿರುತ್ತದೆ. "ರಾತ್ರಿ ಎಷ್ಟು ಹೊತ್ತು ಓದಿದೆ?" ಅಂದರೆ ಗಂಟೆ ಲೆಕ್ಕ ಹೇಳುತ್ತಾರೆ. ಏನು ಅರ್ಥ ಆಯಿತು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಈ ಎರಡರ ನಡುವಿನ ಅಂತರ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಕೆಫೀನ್ ಯೋಚನೆಗೆ ನಿಜವಾಗಿ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಲು ಹೊರಟದ್ದು ಹಾಗೆ.

ಕೆಫೀನ್ ಶಕ್ತಿ ಕೊಡುತ್ತದೆ ಅಂತ ನಾನು ತುಂಬಾ ವರ್ಷ ನಂಬಿದ್ದೆ. ಹಾಗಿಲ್ಲ. ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಜೀವಕೋಶಗಳು ಶಕ್ತಿ ಖರ್ಚು ಮಾಡಿದಾಗ ಹುಟ್ಟುವ ಪದಾರ್ಥ ಅದು. ನರಕೋಶಗಳ ಮೇಲೆ ಅದಕ್ಕೆ ಅಂತಲೇ ಜಾಗಗಳಿವೆ. ಅಡೆನೋಸಿನ್ ಬಂದು ಅಲ್ಲಿ ಕೂತರೆ ನರಕೋಶಗಳ ಓಟ ನಿಧಾನವಾಗುತ್ತದೆ, ಕಣ್ಣು ಎಳೆಯುತ್ತದೆ, ಇನ್ನು ಸಾಕು ಮಲಗು ಅನ್ನಿಸುತ್ತದೆ. ಕೆಫೀನ್‌ನ ಆಕಾರ ಅಡೆನೋಸಿನ್‌ಗೆ ಹತ್ತಿರ. ಹಾಗಾಗಿ ಅದು ಮೊದಲೇ ಹೋಗಿ ಆ ಜಾಗ ಹಿಡಿದು ಕೂರುತ್ತದೆ. ಕೂತು ಏನೂ ಮಾಡುವುದಿಲ್ಲ, ಅಡೆನೋಸಿನ್ ಕೂರದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ದಣಿವು ಇದ್ದಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ನಮಗೆ ಮುಟ್ಟುವುದಿಲ್ಲ. ಆ ಹೊತ್ತಿನಲ್ಲೂ ಅಡೆನೋಸಿನ್ ಸೇರುತ್ತಲೇ ಇರುತ್ತದೆ. ಕೆಫೀನ್ ಇಳಿದ ಕೂಡಲೇ ದಣಿವು ಒಟ್ಟಿಗೇ ಮೇಲೆ ಬಿದ್ದಂತಾಗುವುದು ಇದಕ್ಕೇ.

ಇದರಿಂದ ಯೋಚನೆಗೆ ಲಾಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಲಾಭ ಇದೆ, ಅದನ್ನು ಅಳೆದೂ ನೋಡಿದ್ದಾರೆ. ಹೀಗೆ ಅಳೆದ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಸುಮಾರು ನೂರ ಹದಿನೈದು ವರ್ಷ ಹಳೆಯದು. 1909ರಲ್ಲಿ ಅಮೆರಿಕ ಸರ್ಕಾರ ಕೋಕಾ-ಕೋಲಾ ಕಂಪನಿಯ ಪಾನಕದ ಪೀಪಾಯಿಗಳನ್ನು ಜಪ್ತಿ ಮಾಡಿತು. ಅದರಲ್ಲಿರುವ ಕೆಫೀನ್ ಜನರಿಗೆ ಹಾನಿಕರ ಅನ್ನುವುದು ಸರ್ಕಾರದ ವಾದ. 1911ರಲ್ಲಿ ಟೆನೆಸ್ಸಿ ರಾಜ್ಯದ ಚಾಟನೂಗದಲ್ಲಿ ವಿಚಾರಣೆ. ಕೆಫೀನ್ ಮನುಷ್ಯರ ಬುದ್ಧಿಗೆ ಏನು ಮಾಡುತ್ತದೆ ಅಂತ ಹೇಳುವುದಕ್ಕೆ ಕಂಪನಿಯ ಹತ್ತಿರ ಸರಿಯಾದ ಪುರಾವೆ ಇರಲಿಲ್ಲ. ಆಗ ಹ್ಯಾರಿ ಹಾಲಿಂಗ್‌ವರ್ತ್ ಅನ್ನುವ ಯುವ ಮನೋವಿಜ್ಞಾನಿಯನ್ನು ಹಿಡಿದರು. ಕಂಪನಿಯ ಹಣದಲ್ಲಿ ಸಂಶೋಧನೆ ಮಾಡಿದರೆ ಹೆಸರು ಕೆಡುತ್ತದೆ ಅನ್ನುವ ಭಯ ಅವರಿಗೂ ಇತ್ತು. ಆದರೆ ಹೆಂಡತಿ ಲೀಟಾ ಮುಂದೆ ಓದಬೇಕಿತ್ತು, ಅದಕ್ಕೆ ದುಡ್ಡು ಬೇಕಿತ್ತು. ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇನೆ ಅನ್ನುವ ಷರತ್ತು ಹಾಕಿ ಒಪ್ಪಿಕೊಂಡರು.

ನ್ಯೂಯಾರ್ಕ್‌ನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು 16 ಜನರನ್ನು 40 ದಿನ ಪರೀಕ್ಷೆ ಮಾಡಿದರು. ದಿನದಿನದ ಪರೀಕ್ಷೆಗಳನ್ನು ನೋಡಿಕೊಂಡವರು ಲೀಟಾ. ಯಾರ ಮಾತ್ರೆಯಲ್ಲಿ ಕೆಫೀನ್ ಇದೆ, ಯಾರದರಲ್ಲಿ ಬರೀ ಹಾಲಿನ ಸಕ್ಕರೆ ಇದೆ ಅನ್ನುವುದು ತಗೊಳ್ಳುವವರಿಗೂ ಗೊತ್ತಿರಲಿಲ್ಲ, ಪರೀಕ್ಷೆ ಮಾಡುವವರಿಗೂ ಗೊತ್ತಿರಲಿಲ್ಲ. ಆ ಕಾಲಕ್ಕೆ ಇಂಥ ಎಚ್ಚರಿಕೆ ಅಪರೂಪ. ಲೆಕ್ಕ ಮಾಡುವುದು, ಬಣ್ಣದ ಹೆಸರು ಹೇಳುವುದು, ಟೈಪ್ ಮಾಡುವುದು, ಹೀಗೆ ಹಲವು ಕೆಲಸ ಕೊಟ್ಟರು. ಹಿತಮಿತವಾದ ಪ್ರಮಾಣದಲ್ಲಿ ಕೆಫೀನ್ ಕೆಲಸವನ್ನು ಕೆಡಿಸಲಿಲ್ಲ, ಎಷ್ಟೋ ಕೆಲಸಗಳಲ್ಲಿ ವೇಗ ಹೆಚ್ಚಿಸಿತು. ಪ್ರಮಾಣ ಜಾಸ್ತಿಯಾದಾಗ ಕೈ ನಡುಗಿತು, ಕೆಲವರ ನಿದ್ದೆ ಕೆಟ್ಟಿತು. ಲೀಟಾ ಆಮೇಲೆ ಓದು ಮುಂದುವರಿಸಿ ತಾವೂ ಹೆಸರಾಂತ ಮನೋವಿಜ್ಞಾನಿಯಾದರು. ಅದನ್ನು ಓದಿದಾಗ ನನಗೆ ಖುಷಿಯಾಯಿತು.

ಅಂದರೆ ಗಮನ, ವೇಗ, ಬೇಸರ ತರಿಸುವ ಕೆಲಸದಲ್ಲಿ ಕಣ್ಣು ತೆರೆದಿರುವುದು, ಇವಕ್ಕೆ ಕೆಫೀನ್ ಆಗಿಬರುತ್ತದೆ. ಆದರೆ ಸಮಸ್ಯೆ ಬಿಡಿಸುವುದು ಅಂದರೆ ಒಂದೇ ಕೆಲಸ ಅಲ್ಲವಲ್ಲ.

ಒಂದು ಚಿಕ್ಕ ಆಟ ಆಡೋಣ. ಕಣ್ಣು, ಬಿಸಿ, ಮಳೆ. ಈ ಮೂರಕ್ಕೂ ಹೊಂದುವ ಒಂದೇ ಪದ ಯಾವುದು? ಸ್ವಲ್ಪ ಹೊತ್ತು ಹುಡುಕಿ. ನೀರು. ಕಣ್ಣೀರು, ಬಿಸಿನೀರು, ಮಳೆನೀರು. ಇಲ್ಲಿ ಸರಿಯಾದ ಉತ್ತರ ಒಂದೇ, ಮನಸ್ಸು ನಾಲ್ಕೂ ಕಡೆಯಿಂದ ಅದರ ಹತ್ತಿರ ಹೋಗಿ ಸೇರಬೇಕು. ಈಗ ಇನ್ನೊಂದು. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ತೋಚಿದ್ದೆಲ್ಲ ಹೇಳಿ. ಇಲ್ಲಿ ಹೋಗಿ ಸೇರಬೇಕಾದ ಜಾಗ ಅಂತ ಇಲ್ಲ, ಮನಸ್ಸು ಹರಡಿಕೊಳ್ಳಬೇಕು. ಅರ್ಕನ್ಸಾ ವಿಶ್ವವಿದ್ಯಾಲಯದ ಡಾರ್ಯಾ ಜಬೆಲೀನಾ ಮತ್ತು ಅವರ ಸಹೋದ್ಯೋಗಿ ಪಾಲ್ ಸಿಲ್ವಿಯಾ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ಬಗೆಯ ಕೆಲಸಗಳನ್ನೂ ಪರೀಕ್ಷೆ ಮಾಡಿದ್ದರು. ಕೆಲವರಿಗೆ 200 ಮಿಲಿಗ್ರಾಂ ಕೆಫೀನ್, ಅಂದರೆ ಹೆಚ್ಚುಕಡಿಮೆ ಎರಡು ಕಪ್ ಕಾಫಿಯಷ್ಟು. ಉಳಿದವರಿಗೆ ಸುಮ್ನೆ ಒಂದು ಮಾತ್ರೆ. ಮೊದಲನೇ ಬಗೆಯ ಕೆಲಸದಲ್ಲಿ ಕೆಫೀನ್ ತಗೊಂಡವರು ಮುಂದಿದ್ದರು. ಎರಡನೇ ಬಗೆಯಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ.

ಇದನ್ನು ಓದಿದಾಗ ನನ್ನ ಹನ್ನೊಂದು ಹಾಳೆ ನೆನಪಾದವು. ಚದುರಂಗದ ಲೆಕ್ಕಕ್ಕೆ ಉತ್ತರ ಒಂದೇ, ನಿಜ. ಆದರೆ ಆ ಉತ್ತರ ನಾನು ಹಿಡಿದ ದಾರಿಯ ಕೊನೆಯಲ್ಲಿ ಇರಲಿಲ್ಲ. ದಾರಿಯನ್ನೇ ಬಿಟ್ಟು ಬೇರೆ ಕಡೆ ನೋಡಬೇಕಿತ್ತು. ನನಗಿದ್ದ ಚುರುಕೆಲ್ಲ ಹಿಡಿದ ದಾರಿಯಲ್ಲೇ ಇನ್ನೂ ಜೋರಾಗಿ ನಡೆಯುವುದಕ್ಕೆ ಖರ್ಚಾಯಿತು. ಒಂದು ಸಾದಾ ಸಮೀಕರಣವನ್ನು ಹತ್ತು ಹೆಜ್ಜೆ ತಪ್ಪದೆ ಬಿಡಿಸುವಾಗ ಈ ಚುರುಕು ವರ. ಮೊದಲ ಹೆಜ್ಜೆಯೇ ತಪ್ಪು ದಿಕ್ಕಿಗೆ ಬಿದ್ದಿರುವಾಗ ಅದೇ ಚುರುಕು ನಮ್ಮನ್ನು ಇನ್ನಷ್ಟು ದೂರ ಕರೆದುಕೊಂಡು ಹೋಗಿಬಿಡುತ್ತದೆ. ಹೀಗಂತ ಯಾವ ಪ್ರಯೋಗವೂ ಹೇಳಿದ್ದಲ್ಲ, ಇದು ನನ್ನ ಅನುಭವದ ಮಾತು. ಮಕ್ಕಳ ಉತ್ತರ ಪತ್ರಿಕೆ ತಿದ್ದುವಾಗ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಎರಡನೇ ಸಾಲಿನಲ್ಲಿ ಪ್ರಶ್ನೆಯನ್ನೇ ತಪ್ಪಾಗಿ ಓದಿ, ಆಮೇಲೆ ಎರಡು ಪುಟ ಒಂದು ತಪ್ಪೂ ಇಲ್ಲದೆ ಲೆಕ್ಕ ಮಾಡಿರುತ್ತಾರೆ. ಅದನ್ನು ತಿದ್ದುವಾಗ ಹೊಟ್ಟೆ ಚುರ್ ಅನ್ನುತ್ತದೆ.

ದಿನಾ ಕುಡಿಯುವವರ ವಿಷಯ ಇನ್ನೂ ಬೇರೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಪೀಟರ್ ರೋಜರ್ಸ್ ತಂಡ 2010ರಲ್ಲಿ 379 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿತು. ಹಿಂದಿನ ದಿನದಿಂದ ಎಲ್ಲರಿಗೂ ಕೆಫೀನ್ ನಿಲ್ಲಿಸಿದ್ದರು. ದಿನಾ ಕುಡಿಯುವವರಿಗೆ ಅಷ್ಟರಲ್ಲೇ ಮಂಕು, ತಲೆನೋವು. ಅವರಿಗೆ ಕೆಫೀನ್ ಕೊಟ್ಟಾಗ ಚುರುಕು ಬಂತು. ಆದರೆ ಎಷ್ಟರಮಟ್ಟಿಗೆ? ಕೆಫೀನ್ ಹೆಚ್ಚಾಗಿ ಮುಟ್ಟದವರು ಏನೂ ತಗೊಳ್ಳದೆ ಎಷ್ಟು ಎಚ್ಚರವಾಗಿದ್ದರೋ ಅಷ್ಟೇ. ಅಂದರೆ ಬೆಳಗಿನ ಮೊದಲ ಕಪ್ಪು ಅವರನ್ನು ಮೇಲೆ ಎತ್ತಲಿಲ್ಲ, ಬಿದ್ದಿದ್ದ ಗುಂಡಿಯಿಂದ ನೆಲಕ್ಕೆ ತಂದಿತು. ಆ ಗುಂಡಿ ತೋಡಿದ್ದೂ ನಿನ್ನೆಯ ಕಪ್ಪೇ. ಅಡೆನೋಸಿನ್ ಕೂರುವ ಜಾಗ ದಿನಾ ಮುಚ್ಚಿದ್ದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ದಿನ ಬಿಟ್ಟರೆ ಅಡೆನೋಸಿನ್‌ದೇ ದರ್ಬಾರು. ತಲೆನೋವು ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ, ಒಂದು ವಾರದವರೆಗೂ ಕಾಡಬಹುದು. ಪರೀಕ್ಷೆಯ ವಾರದಲ್ಲೇ ಇನ್ನು ಕಾಫಿ ಬೇಡ ಅಂತ ಶಪಥ ಮಾಡುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು: ಬಿಡುವುದಾದರೆ ಪರೀಕ್ಷೆಗೆ ಮುಂಚೆ ಎರಡು ಮೂರು ವಾರ ಇರುವಾಗಲೇ, ಸ್ವಲ್ಪ ಸ್ವಲ್ಪವಾಗಿ ಬಿಡಿ.

ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ, ಅದೂ ಗೊತ್ತಿರಬೇಕು. ಒಂದು ಸಲ ಪರೀಕ್ಷಾ ಕೊಠಡಿಯಲ್ಲಿ ನಾನು ಮೇಲ್ವಿಚಾರಣೆಗೆ ಇದ್ದೆ. ಮೊದಲ ಸಾಲಿನ ಹುಡುಗನ ಮೊಣಕಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಪೆನ್ನಿನ ತುದಿ ಹಾಳೆಯ ಮೇಲೆ ಟಕಟಕ ಅನ್ನುತ್ತಿತ್ತು. ಹಣೆಯಲ್ಲಿ ಬೆವರು. ಹತ್ತಿರ ಹೋಗಿ ಮೆಲ್ಲಗೆ "ಹುಷಾರಿದ್ದೀಯಾ?" ಅಂದೆ. "ಬೆಳಿಗ್ಗೆ ಎರಡು ಡಬ್ಬಿ ಕುಡಿದೆ ಮೇಡಂ, ಎದೆ ಹೊಡ್ಕೊಳ್ತಿದೆ" ಅಂದ. ಸ್ವಲ್ಪ ನೀರು ಕೊಟ್ಟು, ಪೆನ್ನು ಕೆಳಗಿಟ್ಟು ಐದು ನಿಮಿಷ ಕೂರು ಅಂದೆ. ಪರೀಕ್ಷೆಯ ಹೆದರಿಕೆಯಿಂದಲೇ ಎದೆ ಜೋರಾಗಿ ಬಡಿಯುತ್ತಿರುತ್ತದೆ, ಅದರ ಮೇಲೆ ಇದೂ ಸೇರಿದರೆ ಮನಸ್ಸು ಎಲ್ಲಿ ನಿಲ್ಲಬೇಕು? ಕೆಫೀನ್ ಕೂರುವ ಜಾಗದ ಒಂದು ಜೀನ್‌ನಲ್ಲಿರುವ ಸಣ್ಣ ವ್ಯತ್ಯಾಸದಿಂದ ಕೆಲವರಿಗೆ ಇದರ ಗಾಬರಿ ಹೆಚ್ಚು. ಪಕ್ಕದಲ್ಲಿ ಕೂತವನಿಗೆ ಏನೂ ಆಗಲಿಲ್ಲ ಅಂದಮಾತ್ರಕ್ಕೆ ನಮಗೂ ಆಗುವುದಿಲ್ಲ ಅಂತಿಲ್ಲ. ಯಾವತ್ತೂ ಕುಡಿಯದ್ದನ್ನು ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಸಲ ಕುಡಿದು ನೋಡಬೇಡಿ, ದಯವಿಟ್ಟು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್‌ನಿಂದ ತೊಂದರೆ ಇಲ್ಲ. ಮಕ್ಕಳಿಗೆ, ಹದಿಹರೆಯದವರಿಗೆ ಲೆಕ್ಕ ಬೇರೆ: ಮೈತೂಕದ ಒಂದು ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ. 50 ಕಿಲೋ ತೂಗುವ ಹುಡುಗನಿಗೆ 150. ಎನರ್ಜಿ ಡ್ರಿಂಕ್‌ನ 250 ಮಿಲಿಲೀಟರ್ ಡಬ್ಬಿಯಲ್ಲಿ ಸಾಮಾನ್ಯವಾಗಿ 80 ಇರುತ್ತದೆ. ಎರಡು ಡಬ್ಬಿಗೆ ಮಿತಿ ದಾಟಿತು ಅಲ್ವಾ?

ಇಷ್ಟೆಲ್ಲ ಹೇಳಿದರೂ ನನಗೆ ಮುಖ್ಯ ಅನ್ನಿಸುವುದು ನಿದ್ದೆಯ ವಿಷಯ. ವಿದ್ಯಾರ್ಥಿಗಳು ಕೆಫೀನ್ ಮೊರೆ ಹೋಗುವುದೇ ನಿದ್ದೆ ಬಿಡುವುದಕ್ಕೆ. ನಿದ್ದೆಗೆಟ್ಟ ಮಿದುಳಿಗೆ ಕೆಫೀನ್ ಎಷ್ಟರಮಟ್ಟಿಗೆ ಆಸರೆ ಆಗುತ್ತದೆ? ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಂಬರ್ಲಿ ಫೆನ್ ಅವರ ಪ್ರಯೋಗಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರ ಇದೆ. ಕೆಲವರನ್ನು ಇಡೀ ರಾತ್ರಿ ಎಚ್ಚರ ಇರಿಸಿ, ಬೆಳಿಗ್ಗೆ 200 ಮಿಲಿಗ್ರಾಂ ಕೆಫೀನ್ ಕೊಟ್ಟು ಎರಡು ಕೆಲಸ ಮಾಡಿಸಿದರು. ಒಂದು, ತೆರೆಯ ಮೇಲೆ ಗುರುತು ಕಂಡ ಕೂಡಲೇ ಒತ್ತುವುದು. ಇದಕ್ಕೆ ಕೆಫೀನ್ ಚೆನ್ನಾಗಿ ನೆರವಾಯಿತು. ಇನ್ನೊಂದು, ಹಲವು ಹೆಜ್ಜೆಗಳ ಕೆಲಸವನ್ನು ಕ್ರಮವಾಗಿ ಮಾಡುತ್ತಾ, ನಡುವೆ ಅಡ್ಡಿ ಬಂದರೂ ನಿಲ್ಲಿಸಿದ ಹೆಜ್ಜೆಯಿಂದಲೇ ಮತ್ತೆ ಶುರು ಮಾಡುವುದು. ಇದರಲ್ಲಿ ಹೆಚ್ಚಿನವರಿಗೆ ಕೆಫೀನ್‌ನಿಂದ ಪ್ರಯೋಜನ ಆಗಲಿಲ್ಲ.

ಆ ಎರಡನೇ ಕೆಲಸವನ್ನು ಇನ್ನೊಮ್ಮೆ ನೋಡಿ. ಒಂದು ದೊಡ್ಡ ಲೆಕ್ಕ ಬಿಡಿಸುವುದು ಅಂದರೆ ಅದೇ ಅಲ್ಲವೇ? ಎಲ್ಲಿದ್ದೇನೆ, ಏನು ಮುಗಿಯಿತು, ಮುಂದೇನು ಅಂತ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು. ಕಣ್ಣು ತೆರೆದಿದೆ, ಪೆನ್ನು ಓಡುತ್ತಿದೆ, ತಾನು ಸರಿಯಾಗಿದ್ದೇನೆ ಅನ್ನಿಸುತ್ತಿದೆ. ಒಳಗೆ ಎಣಿಕೆ ತಪ್ಪುತ್ತಿದೆ. ಸುಸ್ತಾಗಿದೆ ಅಂತ ಗೊತ್ತಿದ್ದರೆ ಮನುಷ್ಯ ಎರಡನೇ ಸಲ ನೋಡುತ್ತಾನೆ. ಗೊತ್ತೇ ಆಗದಿದ್ದರೆ ಯಾಕೆ ನೋಡುತ್ತಾನೆ? ನನಗೆ ಭಯ ಇರುವುದು ಅಲ್ಲೇ.

ಇನ್ನು ಗಡಿಯಾರದ ಲೆಕ್ಕ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಕೆಲವರಿಗೆ ಕಡಿಮೆ, ಕೆಲವರಿಗೆ ಇದರ ಎರಡರಷ್ಟು. ಸಂಜೆ ಐದಕ್ಕೆ 200 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೆ 100 ಉಳಿದಿರುತ್ತದೆ, ಅಂದರೆ ಮಲಗುವ ಮುಂಚೆ ಒಂದು ಕಪ್ ಕಾಫಿ ಕುಡಿದ ಹಾಗೆ. ಬೆಳಗಿನ ಜಾವ ಮೂರಕ್ಕೂ 50. ಕ್ರಿಸ್ಟೊಫರ್ ಡ್ರೇಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೊಟ್ಟಿದ್ದರು. ಅಷ್ಟು ಮುಂಚೆ ಕೊಟ್ಟರೂ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು.

ಆ ಒಂದು ಗಂಟೆ ಹೋದರೆ ಏನು ಹೋಯಿತು? ಇದಕ್ಕೆ ಉತ್ತರವಾಗಿ ನಾನು ಯಾವಾಗಲೂ ಜರ್ಮನಿಯ ಲ್ಯೂಬೆಕ್‌ನ ಪ್ರಯೋಗವನ್ನು ಹೇಳುತ್ತೇನೆ. ಯಾನ್ ಬಾರ್ನ್ ಅವರ ತಂಡ 2004ರಲ್ಲಿ ಪ್ರಕಟಿಸಿದ್ದು. ಜನರಿಗೆ ಉದ್ದನೆಯ ಅಂಕಿ ಲೆಕ್ಕ ಕೊಟ್ಟರು. ಹೆಜ್ಜೆ ಹೆಜ್ಜೆಯಾಗಿ ಮಾಡಿದರೆ ಉತ್ತರ ಬರುತ್ತದೆ, ಹೊತ್ತು ಹಿಡಿಯುತ್ತದೆ. ಆದರೆ ಅದರೊಳಗೆ ಒಂದು ಗುಟ್ಟು ಇತ್ತು, ಅದು ಹೊಳೆದರೆ ಉತ್ತರ ತಕ್ಷಣ ಸಿಗುತ್ತಿತ್ತು. ಸ್ವಲ್ಪ ಅಭ್ಯಾಸ ಮಾಡಿಸಿ 8 ಗಂಟೆ ಬಿಟ್ಟರು. ಕೆಲವರು ಆ 8 ಗಂಟೆ ನಿದ್ದೆ ಮಾಡಿದರು, ಉಳಿದವರು ಎಚ್ಚರ ಇದ್ದರು. ವಾಪಸು ಬಂದಾಗ, ಎಚ್ಚರ ಇದ್ದವರಿಗಿಂತ ನಿದ್ದೆ ಮಾಡಿದವರಲ್ಲಿ ಎರಡು ಪಟ್ಟಿಗೂ ಹೆಚ್ಚು ಜನರಿಗೆ ಆ ಗುಟ್ಟು ಹೊಳೆದಿತ್ತು.

ಚದುರಂಗದ ಲೆಕ್ಕ ನನಗೆ ಬಗೆಹರಿದದ್ದೂ ಹಾಗೇ. ಬರಿಗೈಯಲ್ಲಿ ತರಗತಿಗೆ ಹೋದ ದಿನ ಸಂಜೆ ಎಷ್ಟು ಸುಸ್ತಾಗಿತ್ತು ಅಂದರೆ ಎಂಟು ಗಂಟೆಗೇ ಮಲಗಿಬಿಟ್ಟೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಸ್ನಾನದ ಮನೆಯ ನೆಲ ನೋಡುತ್ತಿದ್ದೆ. ಕಪ್ಪು ಬಿಳುಪು ಕಲ್ಲು. ಒಂದು ಕಪ್ಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕಪ್ಪು. ಕೈ ಅಲ್ಲೇ ನಿಂತಿತು. ಅಕ್ಕಪಕ್ಕದ ಎರಡು ಮನೆ ಅಂದರೆ ಯಾವಾಗಲೂ ಒಂದು ಕಪ್ಪು, ಒಂದು ಬಿಳಿ. ಹಾಗಾದರೆ 31 ಬಿಲ್ಲೆ ಮುಚ್ಚುವುದು 31 ಕಪ್ಪು, 31 ಬಿಳಿ. ಆದರೆ ಎದುರು ಮೂಲೆಯ ಎರಡು ಮನೆ ಒಂದೇ ಬಣ್ಣದವು! ಅವನ್ನು ತೆಗೆದರೆ ಒಂದು ಬಣ್ಣ 32 ಉಳಿಯುತ್ತದೆ, ಇನ್ನೊಂದು 30. ಮುಚ್ಚುವುದು ಸಾಧ್ಯವೇ ಇಲ್ಲ. ಎಷ್ಟು ಹಾಳೆ ತುಂಬಿಸಿದರೂ ಇಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಹೋಗಿ ಬರೆದಿಟ್ಟೆ. ಮೂರು ಸಾಲು.

ನಾನು ಕಾಫಿ ಬಿಟ್ಟಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಊಟ ಆದ ಮೇಲೆ ಒಂದು, ಅಷ್ಟಕ್ಕೆ ಮುಗಿಯಿತು. ಮಧ್ಯಾಹ್ನದ್ದು ಕುಡಿದು ಕೂತು ಉತ್ತರ ಪತ್ರಿಕೆ ತಿದ್ದುತ್ತೇನೆ, ಅಂಕ ಕೂಡುತ್ತೇನೆ. ಅಂಥ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. ಬಗೆಹರಿಯದ ಲೆಕ್ಕ ಇದ್ದರೆ ಸಂಜೆ ಒಂದು ಗಂಟೆ ಅದರ ಜೊತೆ ಗುದ್ದಾಡಿ, ಎಲ್ಲಿ ಸಿಕ್ಕಿಕೊಂಡೆ ಅಂತ ಒಂದು ಸಾಲಿನಲ್ಲಿ ಬರೆದು ಮಲಗುತ್ತೇನೆ. ದಿನಾ ಹೊಳೆಯುತ್ತದೆ ಅಂತೇನೂ ಇಲ್ಲ. ಆದರೆ ಬೆಳಿಗ್ಗೆ ನೋಡಿದಾಗ ಲೆಕ್ಕ ಹೊಸದಾಗಿ ಕಾಣುತ್ತದೆ.

ಪ್ರತಿ ವರ್ಷ ಪರೀಕ್ಷೆಗೆ ಒಂದು ತಿಂಗಳು ಇರುವಾಗ ಆ ಹನ್ನೊಂದು ಹಾಳೆಗಳನ್ನು ತರಗತಿಗೆ ತಗೊಂಡು ಹೋಗುತ್ತೇನೆ. ಲೆಕ್ಕ ಹೇಳಿ ಎರಡು ದಿನ ಬಿಡುತ್ತೇನೆ, ಉತ್ತರ ಬಂದ ಮೇಲೆ ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಈ ಸಲ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಅವನ್ನು ತುಂಬಾ ಹೊತ್ತು ತಿರುವಿ ಹಾಕುತ್ತಿದ್ದಳು. ಒಂದೊಂದು ಚೌಕದ ಮೇಲೂ ಬೆರಳಿಟ್ಟು ಕೊನೆಯ ಹಾಳೆಯವರೆಗೆ ಹೋದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಮೇಡಂ, ಎಲ್ಲಾ ಚಿತ್ರದಲ್ಲೂ ಬರೀ ಗೆರೆ ಇದೆ. ಬಣ್ಣ ಎಲ್ಲೂ ತುಂಬಿಲ್ಲ ಅಲ್ವಾ?"

ಇಷ್ಟು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಹಾಳೆಗಳನ್ನು ಅವಳ ಕೈಯಿಂದ ತಗೊಂಡು ಮೊದಲಿನಿಂದ ಮತ್ತೆ ನೋಡಿದೆ. ಒಂದು ಮನೆಗೂ ಬಣ್ಣ ಇರಲಿಲ್ಲ.